ಮೇಷ್ಟ್ರು ನೀರು ತಂದರೆ ವಾರೆಂಟ್ ಇದೆ

ವಾರಕ್ಕೆ ಒಬ್ಬರಾದರೂ ನಮ್ಮ ಮನೆಯ ಗೇಟು ತಳ್ಳಿಕೊಂಡು ಬಂದು, ಚಪ್ಪಲಿ ಬಿಡುವ ಮೊದಲೇ, "ಸಾ, ನನ್ನೆಸರಲ್ಲಿ ಏನಾರ ಐತಾ ನೋಡ್ಬುಡಿ" ಅನ್ನುತ್ತಾರೆ. ಹಾಗೆ ಬಂದವರಿಂದ ಏನಾದರೊಂದು ಆಗದೆ ಇರುವುದಿಲ್ಲ. ನಾನು ಪೊಲೀಸಿನವನಲ್ಲ, ವಕೀಲನೂ ಅಲ್ಲ. ಹೊಳೆನರಸೀಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುವವನು. ಈ ಕೆಲಸ ನನ್ನ ಹೆಂಡತಿಯದಾಗಿತ್ತು.

ಅವಳು ಇಪ್ಪತ್ತೆರಡು ವರ್ಷ ಒಬ್ಬ ವಕೀಲರ ಕಚೇರಿಯಲ್ಲಿ ಟೈಪಿಸ್ಟ್. ಕೋರ್ಟಿನ ಮಾಹಿತಿಯೆಲ್ಲ ಫೋನಿಗೆ ಬಂದ ಮೇಲೆ ಬೀದಿಯವರ ಕೇಸು, ವಾಯಿದೆ, ಎಫ್‌ಐಆರ್ ಎಲ್ಲವನ್ನೂ ಸಂಜೆ ಜಗುಲಿಯಲ್ಲಿ ಕುಳಿತು ನೋಡಿ ಹೇಳುತ್ತಿದ್ದಳು. ಹೋದ ವರ್ಷದ ಹಿಂದಿನ ಆಷಾಢದಲ್ಲಿ ತೀರಿಕೊಂಡಳು.

ಮೊದಲನೆಯವರು

ತಿಥಿಯ ಊಟವಾಗಿತ್ತು. ಎಲ್ಲರೂ ಹೊರಟ ಮೇಲೆ ಹಿಟ್ಟಿನ ಗಿರಣಿಯವರು ಮಾತ್ರ ಕಂಬಕ್ಕೆ ಒರಗಿ ಕುಳಿತಿದ್ದರು. ನನ್ನ ಕೈ ಹಿಡಿದು ಬಹಳ ಹೊತ್ತು ಅತ್ತರು. "ಅಕ್ಕಾರಂಥೋರು ಇನ್ನುಟ್ಟಕಿಲ್ಲ ಸಾ" ಅಂದರು. ನಾನೂ ಅತ್ತೆ. ಆಮೇಲೆ ಟವಲಿನಲ್ಲಿ ಮೂಗು ಒರೆಸಿಕೊಂಡು ಜೇಬಿನಿಂದ ಒಂದು ಚೀಟಿ ತೆಗೆದರು.

"ಬಾನುವಾರ ನೋಡೇಳ್ತೀನಿ ಅಂದಿದ್ರು ಅಕ್ಕಾರು. ನನ್ ಕೇಸು ಯಾವತ್ತೈತೆ ಅಂತ. ಈಗ ಎಂಗೂ ಕುಂತಿದೀರಲ್ಲ, ನೀವೇ ನೋಡ್ಬುಡಿ."

ನೋಟ್‌ಬುಕ್ಕು

ಅವಳ ಮೇಜಿನ ಖಾನೆಯಲ್ಲಿ ಇನ್ನೂರು ಪುಟದ ನೋಟ್‌ಬುಕ್ ಸಿಕ್ಕಿತು. ಹೇಗೆ ನೋಡಬೇಕು ಅನ್ನುವುದನ್ನು ನಂಬರು ಹಾಕಿ ಬರೆದಿಟ್ಟಿದ್ದಳು. ಎಫ್‌ಐಆರ್ ಬೇಕಾದರೆ ಪೊಲೀಸ್ ವೆಬ್‌ಸೈಟು. ಠಾಣೆ, ವರ್ಷ, ನಂಬರು ಬೇಕು. ಸೂಕ್ಷ್ಮ ಪ್ರಕರಣಗಳು ಅಲ್ಲಿ ಇರುವುದಿಲ್ಲ. ಬಂಧನವಾದವರ ಹೆಸರು ಠಾಣೆಯ ಬೋರ್ಡಿನಲ್ಲಿ ಹಾಕಿರಬೇಕು, ಹೋಗಿ ಓದಬಹುದು. ವಾರೆಂಟಿಗೆ ಅಂತ ಬೇರೆ ಪಟ್ಟಿ ಹುಡುಕಬಾರದು; ಕೋರ್ಟಿನ ವೆಬ್‌ಸೈಟಿನಲ್ಲಿ ಕಕ್ಷಿದಾರರ ಹೆಸರು ಹಾಕಿ, ಕೇಸು ಸಿಕ್ಕರೆ ಅದು ಯಾವ ಹಂತದಲ್ಲಿದೆ ಎಂದು ನೋಡಬೇಕು. ಹೆಸರನ್ನು ಮೂರು ಥರ ಸ್ಪೆಲಿಂಗಿನಲ್ಲಿ ಹಾಕಬೇಕು. ಸಿಗಲಿಲ್ಲ ಅಂದರೆ ಕೇಸಿಲ್ಲ ಅಂತಲ್ಲ. ಸಿಕ್ಕಿತು ಅಂದರೆ ಅದು ಇವರೇ ಅಂತಲೂ ಅಲ್ಲ.

ಹನ್ನೊಂದನೆಯದು ಹೀಗಿತ್ತು: "ವಾರೆಂಟ್ ಕಂಡರೆ ಕೂಡಲೇ ಹೇಳಬಾರದು. ಮೊದಲು ಒಂದು ಲೋಟ ನೀರು ಕೊಡುವುದು."

ಇಪ್ಪತ್ತೆರಡು ವರ್ಷದ ಅನುಭವದಲ್ಲಿ ಬರೆದದ್ದು. ನಾನು ಅಕ್ಷರಶಃ ಪಾಲಿಸಿದೆ. ಆದರೆ ಆ ನೀರಿನ ಅನುಭವ ಬೀದಿಯವರಿಗೂ ಇದೆ ಅನ್ನುವುದು ನನಗೆ ಹೊಳೆಯಲಿಲ್ಲ.

ಒಂದು ಸಂಜೆ ಪಾತ್ರೆ ಅಂಗಡಿಯವರು ಬಂದರು. ಹೆಸರು ಹಾಕಿದೆ. ಫೋನು ಸುತ್ತುತ್ತಾ ಕುಳಿತಿತ್ತು. ಅವತ್ತು ಶಾಲೆಯಲ್ಲಿ ಏಳು ಪೀರಿಯಡ್ಡೂ ಪಾಠ ಮಾಡಿ ನನ್ನ ಗಂಟಲು ಒಣಗಿತ್ತು. "ಒಂದು ನಿಮಿಷ" ಎಂದು ಒಳಗೆ ಹೋಗಿ, ಲೋಟ ಹಿಡಿದು ಹೊರಗೆ ಬಂದೆ. ಜಗುಲಿ ಖಾಲಿ. ಚಪ್ಪಲಿ ಅಲ್ಲೇ ಇತ್ತು, ಜನ ಇಲ್ಲ.

ನಾಲ್ಕನೆಯ ದಿನ ಅರಕಲಗೂಡಿನ ತಂಗಿ ಮನೆಯಿಂದ ಅವರ ಫೋನು ಬಂತು. ಅವರ ಹೆಸರಿನಲ್ಲಿ ಏನೂ ಇಲ್ಲ, ನೀರು ತಂದದ್ದು ನನಗೆ ಎಂದು ವಿವರವಾಗಿ ಹೇಳಿದೆ.

"ಮೇಷ್ಟ್ರೇ, ನಿಮ್ಗೆ ಬಾಯಾರಿಕೆ ಆದ್ರೆ ಬಾಯ್ಬುಟ್ಟು ಏಳಿ. ನಾನಿಲ್ಲಿ ಮೂರ್ ದಿನದಿಂದ ಅಟ್ಟದ್ಮೇಲೆ ಮಲ್ಗಿವ್ನಿ."

ಬಂಧನವಾಗದ ಮುಖಂಡರು

ಪುರಸಭೆ ಚುನಾವಣೆಗೆ ನಿಲ್ಲಬೇಕೆಂದಿರುವ ಒಬ್ಬರು ನಮ್ಮ ಹಿಂದಿನ ಬೀದಿಯಲ್ಲಿದ್ದಾರೆ. ಹಾಸನದಲ್ಲಿ ಯಾವುದೋ ಧರಣಿಗೆ ಹೋಗಿದ್ದರು. ಎಲ್ಲರನ್ನೂ ವ್ಯಾನಿಗೆ ಹತ್ತಿಸಿ, ಒಂದು ಮೈದಾನದಲ್ಲಿ ಕೂರಿಸಿ, ಉಪ್ಪಿಟ್ಟು ಕೊಟ್ಟು, ಸಂಜೆ ಬಿಟ್ಟಿದ್ದರು. ಮಾರನೆಯ ದಿನ ನಾಲ್ಕು ಜನ ಬೆಂಬಲಿಗರನ್ನು ಕರೆದುಕೊಂಡೇ ಬಂದರು. ಬೆಂಬಲಿಗರು ಗೇಟಿನ ಹೊರಗೆ ನಿಂತರು.

"ನೋಡಿ ಮೇಷ್ಟ್ರೇ, ನನ್ ಅರೆಸ್ಟು ಎಲ್ಲೈತೆ ಅಂತ. ಅದ್ರ ಪ್ರಿಂಟು ಬೇಕು."

ನೋಡಿದೆ. ಇರಲಿಲ್ಲ. ಮೂರು ಥರ ಸ್ಪೆಲಿಂಗಿನಲ್ಲಿ ನೋಡಿದೆ. ಎಫ್‌ಐಆರ್ ಆಗಿಲ್ಲ, ಸುಮ್ಮನೆ ಕೂರಿಸಿ ಬಿಟ್ಟಿದ್ದಾರೆ ಎಂದೆ.

"ಸುಮ್ನೆ ಅಂದ್ರೇನ್ ಸಾ? ಬಿಸ್ಲಲ್ಲಿ ಕೂರ್ಸಿದ್ರು! ಬೋರ್ಡ್ನಲ್ಲೂ ಬರ್ದಿಲ್ಲ, ಫೋನಲ್ಲೂ ಇಲ್ಲ. ಜನುಕ್ಕೆ ನಾನು ಏನಂತ ಏಳ್ಲಿ?"

ಅವರು ಒಮ್ಮೆ ಗೇಟಿನ ಕಡೆ ನೋಡಿದರು. ಬೆಂಬಲಿಗರು ನಮ್ಮನ್ನೇ ನೋಡುತ್ತಿದ್ದರು. ಮುಖಂಡರು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಓಗ್ಲಿ, ಅವ್ರಿಗೆ ಕಾಣೋ ಅಂಗೆ ಒಂದ್ ಲೋಟ ನೀರಾದ್ರೂ ಕೊಡಿ ಸಾ."

ನಾಲ್ಕು ವರ್ಷದ ಆರೋಪಿ

ಇನ್ನು ನಮ್ಮ ಬೀದಿಯ ತುದಿಯಲ್ಲಿ ಬಾಡಿಗೆಗಿರುವ ಡ್ರೈವರ್ ವಿಷಯ. ಅವನ ಹೆಸರನ್ನು ಹೇಳಲೇಬೇಕು, ಇಲ್ಲದಿದ್ದರೆ ಕಥೆ ನಡೆಯುವುದಿಲ್ಲ. ಕಾಳೇಗೌಡ ಬಿನ್ ನಂಜೇಗೌಡ ಎಂದಿಟ್ಟುಕೊಳ್ಳಿ. ನಿಜವಾದ ಹೆಸರು ಬೇರೆ.

ಅವನು ನನ್ನ ಹಳೆಯ ವಿದ್ಯಾರ್ಥಿ. ಆರಡಿ ಎತ್ತರ, ಮೆತ್ತಗಿನ ಮಾತು. ಎಂಟು ವರ್ಷ ಬೇರೆಯವರ ಟೆಂಪೋ ಓಡಿಸಿದವನಿಗೆ ಹಾಸನದ ಒಂದು ಶಾಲೆಯ ವ್ಯಾನ್ ಓಡಿಸುವ ಕೆಲಸ ನಿಕ್ಕಿಯಾಗಿತ್ತು. ತಿಂಗಳ ಸಂಬಳ, ಭಾನುವಾರ ರಜಾ, ಸಂಜೆ ಐದಕ್ಕೆ ಮನೆ. ಮಕ್ಕಳ ವ್ಯಾನ್ ಆದ್ದರಿಂದ ಪೊಲೀಸರ ನಡತೆ ಪ್ರಮಾಣಪತ್ರ ಕೊಡಬೇಕು. ತಿಂಗಳ ಕೊನೆಯೊಳಗೆ ಕೊಡದಿದ್ದರೆ ಕೆಲಸ ಇನ್ನೊಬ್ಬರಿಗೆ. ಅರ್ಜಿ ಹಾಕಿ ಬಂದವನು, ಯಾವುದಕ್ಕೂ ಇರಲಿ ಎಂದು ನನ್ನ ಹತ್ತಿರ ಬಂದ.

ಹೆಸರು ಹಾಕಿದೆ. ಹಾಸನದ ಕೋರ್ಟಿನಲ್ಲಿ ಒಂದು ಕೇಸು ಸಿಕ್ಕಿತು. ಹೆಸರು ಅದೇ, ತಂದೆಯ ಹೆಸರು ಅದೇ, ಹಳೇಕೋಟೆ ಹೋಬಳಿಯ ಊರೂ ಅದೇ. ಸಾರ್ವಜನಿಕ ಸ್ಥಳದಲ್ಲಿ ಜೂಜು. ಹಂತ: ಜಾಮೀನುರಹಿತ ವಾರೆಂಟ್.

ನಾನು ಎದ್ದು ಒಳಗೆ ಹೋಗಿ ನೀರು ತಂದೆ. ಅವನು ಲೋಟವನ್ನು ನೋಡಿದ, ನನ್ನನ್ನು ನೋಡಿದ, ಎರಡೂ ಕೈಯಲ್ಲಿ ಹಿಡಿದು ಒಂದೇ ಗುಟುಕಿಗೆ ಕುಡಿದ.

"ಇನ್ನೊಂದ್ ಲೋಟ ಕೊಡಿ ಸಾ. ಆಮೇಲೆ ಏಳಿ."

ಹೇಳಿದೆ. ಜೀವಮಾನದಲ್ಲಿ ಇಸ್ಪೀಟು ಮುಟ್ಟಿಲ್ಲ ಎಂದು ನನ್ನ ಕಾಲು ಹಿಡಿಯಲು ಬಂದ. ಆಗ ನಾನು ಕೇಸು ದಾಖಲಾದ ವರ್ಷ ನೋಡಿದೆ. ಅವನು ಹುಟ್ಟಿದ ವರ್ಷ ನನಗೆ ಶಾಲೆಯ ದಾಖಲೆಯಿಂದ ಗೊತ್ತಿತ್ತು. ಕಳೆದೆ. ನಾಲ್ಕು ಬಂತು. ಇನ್ನೊಂದು ಸಲ ಕಳೆದೆ. ನಾಲ್ಕೇ.

"ಆಗ ನಿನಗೆ ನಾಲ್ಕು ವರ್ಷ ಕಣಪ್ಪ" ಎಂದೆ.

ಅವನು ತಲೆ ತಗ್ಗಿಸಿ ಯೋಚಿಸಿದ. ಆಮೇಲೆ ಬಹಳ ಪ್ರಾಮಾಣಿಕವಾಗಿ ಹೇಳಿದ: "ಅಂಗನ್ವಾಡೀಲಿ ಏನ್ ಆಡಿದ್ನೋ ಸರಿಯಾಗಿ ಗ್ಯಾಪ್ಕ ಇಲ್ಲ ಸಾ."

ಎತ್ತು ನೋಡಲು ಹೋದವರು

ವಿಷಯ ಇಷ್ಟೇ. ನಮ್ಮ ಕಡೆ ಹಿರಿ ಮೊಮ್ಮಗನಿಗೆ ತಾತನ ಹೆಸರಿಡುತ್ತಾರೆ. ಕಾಳೇಗೌಡನ ಮಗ ನಂಜೇಗೌಡ, ಅವನ ಮಗ ಮತ್ತೆ ಕಾಳೇಗೌಡ. ತಾತನ ತಂದೆಯೂ ನಂಜೇಗೌಡರೇ. ಹಾಗಾಗಿ ತಾತನೂ ಮೊಮ್ಮಗನೂ ಕಾಗದದ ಮೇಲೆ ಒಬ್ಬನೇ ಮನುಷ್ಯ. ತಾತ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಕೋರ್ಟಿಗೆ ಅದನ್ನು ಯಾರೂ ತಿಳಿಸಿರಲಿಲ್ಲ.

ಪ್ರಮಾಣಪತ್ರದ ಗುಮಾಸ್ತರಿಗೆ ಈ ಲೆಕ್ಕ ಹೇಳಿದೆವು. "ಕಂಪ್ಯೂಟರಲ್ಲಿ ವಯಸ್ಸು ಬರಲ್ಲ ಸಾರ್, ಹೆಸರು ಬರತ್ತೆ. ಕೋರ್ಟಿಂದ ಕಾಗದ ತನ್ನಿ" ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನನ್ನ ಹೆಂಡತಿ ಕೆಲಸ ಮಾಡುತ್ತಿದ್ದ ವಕೀಲರಲ್ಲಿಗೆ ಹೋದೆವು. ತಾತನ ಮರಣಪತ್ರ ಇತ್ತು. ಆದರೆ ಸತ್ತವರ ಹೆಸರೂ ಎದುರಿಗೆ ನಿಂತವನ ಹೆಸರೂ ಒಂದೇ ಆದ್ದರಿಂದ, ಆರೋಪಿಯೇ ಸತ್ತವರು ಎಂದು ಮನೆಯ ಹಿರಿಯರೊಬ್ಬರು ಕೋರ್ಟಿನಲ್ಲಿ ಹೇಳಿದರೆ ಒಳ್ಳೆಯದು ಎಂದರು ವಕೀಲರು. ಉಳಿದಿರುವ ಹಿರಿಯರು ಅಜ್ಜಿ ಒಬ್ಬರೇ.

ಅಜ್ಜಿಯನ್ನು ಊರಿಂದ ಕರೆತಂದು ನಮ್ಮ ಜಗುಲಿಯಲ್ಲಿ ಕೂರಿಸಿ ಎಲ್ಲವನ್ನೂ ನಿಧಾನವಾಗಿ ಹೇಳಿದೆ. ಜೂಜು ಎಂದೆ, ಅವರು ಅಲುಗಲಿಲ್ಲ. ವಾರೆಂಟ್ ಎಂದೆ, ಅದಕ್ಕೂ ಅಲುಗಲಿಲ್ಲ. ಶಾಂತಿಗ್ರಾಮದ ಹತ್ತಿರ ಹಿಡಿದಿದ್ದಾರೆ ಎಂದಾಗ ನೆಟ್ಟಗೆ ಕುಳಿತರು.

"ಶಾಂತಿಗ್ರಾಮವಾ? ಚನ್ರಾಯಪಟ್ಣಕ್ಕೆ ಎತ್ ನೋಡಾಕೋಯ್ತೀನಿ ಅಂತ ಏಳೋಗಿದ್ರಲ್ಲ! ಇಲ್ಲಿಂದ ಚನ್ರಾಯಪಟ್ಣಕ್ಕೋಗೋ ದಾರೀಲಿ ಶಾಂತಿಗ್ರಾಮ ಎಲ್ಲ್ ಬತ್ತದೆ ಮೇಷ್ಟ್ರೇ?"

ಬರುವುದಿಲ್ಲ ಎಂದೆ. ಭೂಪಟದ ವಿಷಯದಲ್ಲಿ ನಾನು ಸುಳ್ಳು ಹೇಳಲಾರೆ.

ಅಜ್ಜಿ ಸೆರಗು ಸರಿಮಾಡಿಕೊಂಡು ಫೋನನ್ನು ಗೌರವದಿಂದ ನೋಡಿದರು. "ಅದೇ ವರ್ಸ ಎಲ್ಡ್ ಸಲ ಕಟ್ಟಾಯಕ್ಕೆ ಬೀಜದ್ ರಾಗಿ ತರಾಕೋಗಿ ಬರೀಗೈಲಿ ಬಂದಿದ್ರು. ಅದ್ನೂ ಒಸಿ ನೋಡ್ಬುಡಿ."

ಕೂಗು

ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು. ಬೆಳಗಿನ ಬಸ್ಸಿಗೆ ಹಾಸನಕ್ಕೆ ಹೊರಟೆವು. ದಾರಿಯುದ್ದಕ್ಕೂ ನಾನು ಡ್ರೈವರ್‌ಗೆ ಒಂದೇ ಪಾಠ ಹೇಳಿದೆ: "ವಾರೆಂಟ್ ಇನ್ನೂ ಜೀವಂತ ಇದೆ. ಅಲ್ಲಿ ಪೊಲೀಸರು ಇರುತ್ತಾರೆ. ನೀನು ಬಾಯಿ ಬಿಡಬೇಡ." ಅವನು ಪ್ರತಿ ಸಲವೂ "ಊಂ ಸಾ" ಅಂದ.

ನ್ಯಾಯಾಧೀಶರು ಹೆಣ್ಣುಮಗಳು, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವರು. ಅಜ್ಜಿಯನ್ನು ಕಟಕಟೆಗೆ ಹತ್ತಿಸಿದರು. ಸತ್ಯವನ್ನೇ ಹೇಳುತ್ತೇನೆ ಎಂದು ಅಜ್ಜಿ ಹೇಳಿದರು.

"ನಿಮ್ಮ ಯಜಮಾನರ ಹೆಸರೇನಮ್ಮ?"

ಅಜ್ಜಿ ಸೆರಗನ್ನು ಬಾಯಿಗೆ ಹಿಡಿದರು. ನ್ಯಾಯಾಧೀಶರು ಇನ್ನೊಮ್ಮೆ ಕೇಳಿದರು. ವಕೀಲರು ಎದ್ದು, "ಹಳೇ ಕಾಲದವರು ಮೇಡಂ, ಗಂಡನ ಹೆಸರು ಹೇಳುವುದಿಲ್ಲ" ಎಂದರು.

"ಹೇಳದಿದ್ದರೆ ನಾನು ಏನು ಬರೆದುಕೊಳ್ಳಲಿ?"

ಅಜ್ಜಿಗೆ ಉಪಾಯ ಹೊಳೆಯಿತು. ಹಿಂದಿನ ಬೆಂಚಿನಲ್ಲಿದ್ದ ಮೊಮ್ಮಗನ ಕಡೆ ಕೈ ತೋರಿಸಿದರು. "ಅವ್ನ್ ಎಸ್ರೇ ಕಣವ್ವ ಅವರ್ದೂ."

"ಸರಿ, ಅವರ ಹೆಸರೇನು?"

ಗಂಡನ ಹೆಸರಿಟ್ಟ ಮೊಮ್ಮಗನನ್ನು ಅಜ್ಜಿ ಯಾವತ್ತೂ ಆ ಹೆಸರಿನಿಂದ ಕರೆದವರಲ್ಲ.

"ಪಾಪು" ಅಂದರು.

ಟೈಪಿಸ್ಟ್ ಕೈ ನಿಲ್ಲಿಸಿದಳು. ನ್ಯಾಯಾಧೀಶರು ಆರಡಿಯ ಪಾಪುವನ್ನು ನೋಡಿದರು. ಅಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಒಂದು ಹೆಸರನ್ನು ಬರೆಯಬಹುದು, ಬಾಯಿಬಿಟ್ಟು ಹೇಳಲಾಗುವುದಿಲ್ಲ ಅನ್ನುವುದು ಹೆಂಡತಿ ಹೋದ ಮೇಲೆ ನನಗೂ ಗೊತ್ತಾಗಿದೆ. ಅಜ್ಜಿ ಎರಡೂ ಕೈಯಲ್ಲಿ ಕಟಕಟೆಯ ಮರ ಹಿಡಿದುಕೊಂಡಿದ್ದರು.

ನ್ಯಾಯಾಧೀಶರಿಗೂ ಅದು ಕಂಡಿರಬೇಕು. ದನಿ ಇಳಿಸಿ, "ನೀವು ಹೇಳುವುದು ಬೇಡಮ್ಮ. ನಾವು ಕೂಗಿಸುತ್ತೇವೆ. ಆ ಹೆಸರು ನಿಮ್ಮ ಯಜಮಾನರದು ಹೌದೋ ಅಲ್ಲವೋ, ಅಷ್ಟು ಹೇಳಿ" ಎಂದು ಬಾಗಿಲಲ್ಲಿದ್ದ ಜವಾನನಿಗೆ ಸನ್ನೆ ಮಾಡಿದರು.

ಆತ ದಿನವೂ ಮಾಡುವಂತೆ ಎದೆಯುಬ್ಬಿಸಿ, ಕಾರಿಡಾರಿಗೆಲ್ಲ ಕೇಳುವ ಹಾಗೆ ಕೂಗಿದ: "ಕಾಳೇಗೌಡ ಬಿನ್ ನಂಜೇಗೌಡಾ..."

ಡ್ರೈವರ್ ಸ್ಪ್ರಿಂಗಿನಂತೆ ಎದ್ದು ನಿಂತ. "ಇವ್ನಿ ಸಾ!"

ಬಾಗಿಲ ಬಳಿಯ ಪೊಲೀಸರಿಬ್ಬರು ತಿರುಗಿದರು. ನಾನು ಅವನ ಅಂಗಿ ಹಿಡಿದು ಎಳೆದೆ. ಅಷ್ಟರಲ್ಲಿ ಕಟಕಟೆಯಿಂದ ಅಜ್ಜಿಯ ದನಿ ಎದ್ದಿತು, ಜವಾನನದಕ್ಕಿಂತ ಜೋರಾಗಿ.

"ಕುಂತ್ಕಳ್ಳಾ ಮೂದೇವಿ! ಅವ್ರ್ ಕರೀತಿರಾದು ನಿನ್ನಲ್ಲ ಕಣ್ಲಾ, ಸತ್ತೋಗಿರೋರ್ನ!"

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಅದಕ್ಕೆ ಸ್ವಲ್ಪ ಹೊತ್ತೇ ಹಿಡಿಯಿತು. ಆಮೇಲೆ ಟೈಪಿಸ್ಟಿಗೆ, "ಆರೋಪಿ ಮೃತಪಟ್ಟಿರುವುದನ್ನು ಆತನ ಪತ್ನಿ ತೆರೆದ ನ್ಯಾಯಾಲಯದಲ್ಲಿ ಸ್ಪಷ್ಟವಾಗಿ ಹೇಳಿರುತ್ತಾರೆ" ಎಂದು ಬರೆಸಿದರು. ವಾರೆಂಟ್ ವಾಪಸ್ಸು, ಕೇಸು ಮುಕ್ತಾಯ. ಆದೇಶದ ನಕಲು ನಾಳೆಯೇ ಸಿಗುತ್ತದೆ ಎಂದು ವಕೀಲರು ಪಿಸುಗುಟ್ಟಿದರು. ಆಮೇಲೂ ಪ್ರಮಾಣಪತ್ರ ಕೊಡಲು ಮೂರು ದಿನ ಉಳಿಯುತ್ತಿತ್ತು. ನಾನು ಬಹಳ ದಿನದ ಮೇಲೆ ಹಾಯಾಗಿ ಉಸಿರು ಬಿಟ್ಟೆ.

ಅಜ್ಜಿ ಕೂಗಿದ ಸುಸ್ತಿಗೆ ಕೆಮ್ಮತೊಡಗಿದ್ದರು. ನ್ಯಾಯಾಧೀಶರು ಜವಾನನ ಕಡೆ ತಿರುಗಿ, "ಒಂದು ಲೋಟ ನೀರು ತನ್ನಿ" ಎಂದರು.

ಡ್ರೈವರ್ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಸಾ, ಇನ್ನೊಂದೈತಾ?"