ದೊಡ್ಡಪ್ಪ ತುಂಬಿಸಿದ ಜಿಪಿಎಸ್

ತುತ್ತು ಬಾಯಿಗಿಡುವಾಗ ಬಲಗೈ ಯಾವುದೆಂದು ಬುಗುರಿಗೆ ಸರಿಯಾಗಿಯೇ ಗೊತ್ತಾಗುತ್ತಿತ್ತು. ಸ್ಟೀರಿಂಗ್ ಹಿಡಿದನೋ, ಎರಡು ಕೈಗಳೂ ಅವಳಿ ಮಕ್ಕಳ ಹಾಗೆ ಒಂದೇ ಥರ ಕಾಣತೊಡಗುತ್ತಿದ್ದವು. ಎಡಕ್ಕೆ ಹೋಗಬೇಕಾದವನು ಬಲಕ್ಕೆ ಹೋಗಿ, ಆ ಬಲದಿಂದ ಇನ್ನೊಂದು ಬಲಕ್ಕೆ ಹೊರಳಿ, ಕೊನೆಗೆ ಹೊರಟಲ್ಲಿಗೇ ಬಂದು ನಿಲ್ಲುತ್ತಿದ್ದ. ಅದಕ್ಕೇ ಜನ ಅವನನ್ನು ಬುಗುರಿ ಅಂತ ಕರೆದರು. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಮರೆತುಹೋಗುವಷ್ಟು ಕರೆದರು.

ಅಂಥವನು ಡ್ರೈ ಕ್ಲೀನಿಂಗ್ ಅಂಗಡಿಯ ವ್ಯಾನ್ ಡ್ರೈವರ್! ಒಗೆದು ಇಸ್ತ್ರಿ ಮಾಡಿದ ಬಟ್ಟೆಗಳನ್ನು ಮನೆಮನೆಗೆ ತಲುಪಿಸುವ ಕೆಲಸ.

ಕೊಡಿಸಿದ್ದು ದೊಡ್ಡಪ್ಪ. ತಲೆಗೂದಲು ಕಪ್ಪಿದ್ದಾಗಿನಿಂದ ಬೆಳ್ಳಗಾಗುವ ತನಕ ಅದೇ ವ್ಯಾನ್ ಓಡಿಸಿ, ಮಂಡಿನೋವು ಅಂತ ಮನೆ ಸೇರಿದ್ದರು. ಗಿರಾಕಿಗಳ ಮನೆಯೆಲ್ಲ ಅವರ ತಲೆಯೊಳಗಿತ್ತು, ರಾಕ್ಷಸನ ಪ್ರಾಣ ಗಿಳಿಯೊಳಗಿದ್ದ ಹಾಗೆ. ಹೊರಗೆ ಎಲ್ಲೂ ಇರಲಿಲ್ಲ. ಬಟ್ಟೆಗೆ ಕಟ್ಟಿದ ಚೀಟಿಯಲ್ಲಿ ‘ವಕೀಲರು’, ‘ಹಲ್ಲಿನ ಡಾಕ್ಟ್ರಮ್ಮ’ ಅಂತಿಷ್ಟು, ಪಕ್ಕದಲ್ಲೊಂದು ಫೋನ್ ನಂಬರು. ಫೋನ್ ಮಾಡಿ ದಾರಿ ಕೇಳಿದರೆ ಅವರು ಹೇಳಿದ್ದು ಬುಗುರಿಯ ಕಿವಿಯಿಂದ ಕೈಗೆ ಇಳಿಯುವಷ್ಟರಲ್ಲಿ ತಲೆಕೆಳಗಾಗಿರುತ್ತಿತ್ತು. ‘ನೀವೇ ಪಕ್ಕದಲ್ಲಿ ಕೂತು ತೋರಿಸಿ’ ಅಂದರೆ ದೊಡ್ಡಪ್ಪ ಸುತರಾಂ ಒಪ್ಪರು.

“ಆ ಗಾಡೀಲಿ ನಾನು ಪಕ್ಕದ ಸೀಟಲ್ಲಿ ಕೂರೋದಾ? ಪಟ್ಟ ಬಿಟ್ಟ ರಾಜ ಸಿಂಹಾಸನದ ಪಕ್ಕ ಸ್ಟೂಲ್ ಹಾಕ್ಕೊಂಡು ಕೂರ್ತಾನೇನೋ?”

ಹೀಗಾಗಿ ಡಾಕ್ಟ್ರಮ್ಮನ ಬಿಳಿ ಕೋಟು ಮಾಂಸದಂಗಡಿಯವನಿಗೆ ಹೋಯಿತು. ಅವನು ಅದನ್ನು ಎರಡು ದಿನ ಹಾಕಿಕೊಂಡೂ ಬಿಟ್ಟ. ಬ್ಯಾಂಡ್ ಮೇಷ್ಟ್ರ ಮಿರಮಿರ ಮಿಂಚುವ ಜಾಕೀಟು ಸಂಗೀತ ಕಛೇರಿ ಮುಗಿದು ಕುರ್ಚಿ ಮಡಿಸುವಾಗ ತಲುಪಿತು. ಅಂಗಡಿಯ ಯಜಮಾನಿಗೆ ರೇಗಿಹೋಯಿತು.

“ನೋಡಪ್ಪಾ, ನಾಳೆ ಊಟದ ಹೊತ್ತಿಗೆ ವ್ಯಾನಲ್ಲಿರೋ ಪ್ರತಿಯೊಂದು ಬಟ್ಟೆನೂ ಅವರವರ ಕೈಯಲ್ಲಿರಬೇಕು. ಒಂದೇ ಒಂದು ಉಳೀತೋ, ನಾಡಿದ್ದಿಂದ ನನ್ನ ತಮ್ಮ ವ್ಯಾನ್ ಹತ್ತುತ್ತಾನೆ.”

ತಮ್ಮ ಬಾಗಿಲಿಗೊರಗಿ ನಿಂತು, ಆಗಲೇ ಹತ್ತಿದವನ ಹಾಗೆ ನಕ್ಕ.

ಬುಗುರಿ ಇದ್ದದ್ದು ದೊಡ್ಡಪ್ಪನ ಮನೆಯಲ್ಲೇ. ಮಧ್ಯಾಹ್ನ ಊಟಕ್ಕೆ ಸಪ್ಪೆ ಮೋರೆ ಹೊತ್ತು ಬಂದ ಅವನನ್ನು ನೋಡಿ ದೊಡ್ಡಪ್ಪನ ಮಗಳಿಗೆ, ಅಂದರೆ ಅವನ ತಂಗಿಗೆ, ಕರುಳು ಚುರುಕ್ಕೆಂದಿತು. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಟೈಪಿಂಗ್ ಮಾಡುವ ಹುಡುಗಿ ಅವಳು. ಎಲ್ಲಿಂದಲೋ ಒಂದು ಹಳೆಯ ಜಿಪಿಎಸ್ ಯಂತ್ರ ಹುಡುಕಿ ತಂದಳು. ಬ್ಯಾಟರಿ ಸತ್ತಿತ್ತು. ವ್ಯಾನಿನ ಕರೆಂಟಿಗೆ ಇಲ್ಲವೇ ಗೋಡೆಯ ಕರೆಂಟಿಗೆ ಸಿಕ್ಕಿಸಿದರೆ ಮಾತ್ರ ಉಸಿರಾಡುತ್ತಿತ್ತು.

“ಅಣ್ಣಾ, ಇದಕ್ಕೆ ಊರಿನ ರಸ್ತೆಯೆಲ್ಲ ಗೊತ್ತು. ನಿನ್ನ ಗಿರಾಕಿಗಳ ಮನೆ ಮಾತ್ರ ಗೊತ್ತಿಲ್ಲ. ಅದನ್ನ ನಾವೇ ತುಂಬಿಸಬೇಕು. ಈ ಗುಂಡಿ ಒತ್ತಿದರೆ ಜಾಗ ಇದರಲ್ಲಿ ಉಳಿಯುತ್ತೆ. ಆಮೇಲೆ ನಾನು ಕಂಪ್ಯೂಟರಿಗೆ ಹಾಕ್ಕೊಂಡು, ಒಂದೊಂದಕ್ಕೂ ಹೆಸರು ಬರೆದು, ಫೈಲ್ ಮಾಡಿ, ತಿರುಗಿ ಇದರೊಳಗೆ ಕೂರಿಸ್ತೀನಿ. ಮನೆ ಹತ್ತಿರ ಬಂತು ಅಂದ್ರೆ ಇದೇ ಕೂಗಿ ಹೇಳುತ್ತೆ. ಆದ್ರೆ ಒತ್ತೋವಾಗ—”

“ಗುಂಡಿ ಒತ್ತೋದು ತಾನೇ? ಕೊಡಿಲ್ಲಿ,” ಅಂತ ದೊಡ್ಡಪ್ಪ ಯಂತ್ರ ಕಿತ್ತುಕೊಂಡರು. “ನನ್ನ ತಲೇಲಿರೋ ಊರು. ನಾನೇ ತುಂಬಿಸ್ತೀನಿ. ನೀವು ನಿಮ್ಮ ಕೆಲಸ ನೋಡ್ಕೊಳ್ಳಿ.”

ಸಂಜೆ ಬುಗುರಿ ಬರುವಷ್ಟರಲ್ಲಿ ದೊಡ್ಡಪ್ಪ ಮಂಡಿ ನೀವಿಕೊಳ್ಳುತ್ತ ಕೂತಿದ್ದರು. ತಂಗಿ ಅವರ ಬಾಯಿಂದ ಹೆಸರು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದಳು.

“ಎಲ್ಲಾ ಮನೇನೂ ಆಯ್ತಾ? ಈ ಕಾಲಿಟ್ಕೊಂಡು ಊರೆಲ್ಲ ಸುತ್ತಿದ್ರಾ ದೊಡ್ಡಪ್ಪ?” ಬುಗುರಿ ಅವರ ಮಂಡಿ ಒತ್ತಲು ಕೂತ.

ದೊಡ್ಡಪ್ಪ ದೊಡ್ಡ ಮನಸ್ಸಿನಿಂದ ಕೈಬೀಸಿದರು. “ಅನುಭವ ಕಣೋ, ಅನುಭವ.”

ಮಾರನೆಯ ಬೆಳಿಗ್ಗೆ ಬುಗುರಿ ಅಂಗಡಿಯ ಮುಂದೆ ವ್ಯಾನಿಗೆ ಯಂತ್ರ ಸಿಕ್ಕಿಸಿ, ‘ವಕೀಲರು’ ಅನ್ನುವುದನ್ನು ಮುಟ್ಟಿದ. ವಕೀಲರ ಕರೀ ಕೋಟು ಅವಸರದ್ದು, ಕೋರ್ಟಿನ ಹೊತ್ತಿಗೆ ಬೇಕು. ಯಂತ್ರದೊಳಗಿನ ಹೆಂಗಸು ಜೇನಿನಂಥ ದನಿಯಲ್ಲಿ “ನೇರವಾಗಿ ಹೋಗಿ” ಅಂದಳು. ಬುಗುರಿ ಹೋದ. “ಬಲಕ್ಕೆ” ಅಂದಳು. ಪರದೆಯ ಮೇಲೆ ಬಾಣದ ಗುರುತೂ ಇತ್ತಾದ್ದರಿಂದ ಬಲಕ್ಕೇ ತಿರುಗಿದ. ಅವನಿಗೆ ತಾನು ರೆಕ್ಕೆಯ ಕುದುರೆ ಹತ್ತಿದ ರಾಜಕುಮಾರನೇ ಅನಿಸಿತು. ಕುದುರೆಗೆ ದಾರಿ ಗೊತ್ತು, ಸುಮ್ಮನೆ ಜುಟ್ಟು ಹಿಡಿದು ಕೂತರಾಯಿತು. ಒಂದು ಏರು ಹತ್ತಿಸಿ, “ನೀವು ವಕೀಲರ ಮನೆ ತಲುಪಿದ್ದೀರಿ” ಅಂದಳು.

ಬುಗುರಿ ವ್ಯಾನ್ ಆರಿಸಿ, ಕೋಟು ಹಿಡಿದು ಇಳಿದ. ಗೇಟಿನಲ್ಲಿ ಪೊರಕೆ ಹಿಡಿದ ದೊಡ್ಡಮ್ಮ ನಿಂತಿದ್ದಳು.

“ಏನೋ, ಈಗ ತಾನೇ ಹೋದೆ, ಆಗಲೇ ಬಂದೆ? ಏನು ಮರೆತೆ?”

“ದೊಡ್ಡಮ್ಮಾ! ನೀನೇನು ವಕೀಲರ ಮನೇಲಿ?”

“ನಿನ್ನ ತಲೆ! ಇದು ನಮ್ಮನೆ ಕಣೋ.”

ತಲೆಯೆತ್ತಿ ನೋಡಿದರೆ ಅವರದೇ ಮನೆ. “ಹಾಗಾದ್ರೆ ವಕೀಲರು ಒಳಗಿರಬೇಕು” ಅಂತ ಬುಗುರಿ ಎರಡು ಕೋಣೆ, ಬಚ್ಚಲು ಎಲ್ಲ ಇಣುಕಿ ಬಂದ. ದೊಡ್ಡಪ್ಪ ಮಗ್ಗುಲು ಬದಲಿಸಿ ಗೊರಕೆ ಹೊಡೆಯುತ್ತಿದ್ದರು. ವಕೀಲರು ಸಿಗಲಿಲ್ಲ.

ಒಂದು ಮನೆ ತಪ್ಪಿರಬಹುದು, ಎಲ್ಲವೂ ತಪ್ಪುತ್ತವೆಯೇ? ಗೇಟಿನಲ್ಲೇ ನಿಂತರೆ ದೊಡ್ಡಮ್ಮನ ಪ್ರಶ್ನೆ ಮುಗಿಯುವುದಿಲ್ಲ. ಹಾಗಾಗಿ ವ್ಯಾನ್ ಹತ್ತಿ ಏರು ಇಳಿದು, ಚೌಕದಾಚೆ ಹೋಗಿ ನಿಂತು, ‘ಹಲ್ಲಿನ ಡಾಕ್ಟ್ರಮ್ಮ’ ಅಂತ ಮುಟ್ಟಿದ. ಈ ಸಲ ಬೇರೆಯೇ ದಾರಿ. ಬುಗುರಿಗೆ ಜೀವ ಬಂತು. ಕಂಡರಿಯದ ಒಂದು ಓಣಿ, ಅದರ ಕೊನೆಗೊಂದು ಹಸಿರು ಬಾಗಿಲು. “ನೀವು ಹಲ್ಲಿನ ಡಾಕ್ಟ್ರಮ್ಮನ ಮನೆ ತಲುಪಿದ್ದೀರಿ.” ಕ್ರಾಪು ತಿದ್ದಿಕೊಂಡು, ಕೋಟನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲು ತಟ್ಟಿ ನಡುಬಗ್ಗಿಸಿ ನಿಂತ.

“ನಮಸ್ಕಾರ ಡಾಕ್ಟ್ರೇ, ಹೋದ ಸಲದ್ದಕ್ಕೆ ಕ್ಷಮಿಸಬೇಕು—”

“ಹಿತ್ತಲ ಬಾಗಿಲಿಂದ ಬಂದು ನಮಸ್ಕಾರ ಬೇರೆ ಮಾಡ್ತೀಯಲ್ಲೋ,” ಅಂದಳು ದೊಡ್ಡಮ್ಮ. “ಜ್ವರಗಿರ ಬಂದಿದೆಯಾ? ಎಲ್ಲಿ, ಹಣೆ ತೋರಿಸು.”

ಮೂರನೆಯ ಸಲ ದೇವರನ್ನು ನೆನೆದು ‘ಬ್ಯಾಂಡ್ ಮೇಷ್ಟ್ರು’ ಅಂತ ಮುಟ್ಟಿದ. ಮತ್ತೆ ಏರು, ಮತ್ತೆ ಗೇಟು, ಮತ್ತೆ ದೊಡ್ಡಮ್ಮ. ಈಗ ಅವಳ ಪಕ್ಕ ಎದುರುಮನೆಯ ನಿವೃತ್ತ ಮೇಷ್ಟ್ರು, ಪಕ್ಕದ ಮನೆಯ ಬ್ಯೂಟಿ ಪಾರ್ಲರ್ ಅಕ್ಕ ಇಬ್ಬರೂ ಸೇರಿದ್ದರು.

“ಉಪಗ್ರಹ ವಾಲಿಕೊಂಡಿರಬೇಕು. ಒಂದು ಗಂಟೆ ಬಿಟ್ಟು ನೋಡು, ತಾನೇ ನೆಟ್ಟಗಾಗುತ್ತೆ,” ಅಂದರು ಮೇಷ್ಟ್ರು, ಆಕಾಶ ನೋಡುತ್ತ.

“ಉಪಗ್ರಹಾನೂ ಇಲ್ಲ, ಏನೂ ಇಲ್ಲ. ಆ ಯಂತ್ರದ ಹೆಂಗಸಿಗೆ ಹುಡುಗನ ಮೇಲೆ ಮನಸ್ಸಾಗಿದೆ. ಬಿಡದೆ ಮನೆಗೆ ಕರ್ಕೊಂಡು ಬರ್ತಿದ್ದಾಳೆ,” ಅಂದಳು ಪಾರ್ಲರ್ ಅಕ್ಕ.

ಗಾಬರಿಯಲ್ಲಿ ಬುಗುರಿ ಈ ಸಲ ವ್ಯಾನ್ ಆರಿಸಿರಲಿಲ್ಲ. ಯಂತ್ರ ಗಂಟಲು ಸರಿಮಾಡಿಕೊಂಡು ಶುರುಮಾಡಿತು. “ವಕೀಲರ ಮನೆ ಹತ್ತಿರವಿದೆ. ಹಲ್ಲಿನ ಡಾಕ್ಟ್ರಮ್ಮನ ಮನೆ ಹತ್ತಿರವಿದೆ. ಬ್ಯಾಂಡ್ ಮೇಷ್ಟ್ರ ಮನೆ ಹತ್ತಿರವಿದೆ. ಹೋಟೆಲ್ ಮ್ಯಾನೇಜರ್ ಮನೆ ಹತ್ತಿರವಿದೆ…” ತರಗತಿಯಲ್ಲಿ ಹಾಜರಿ ಕೂಗಿದ ಹಾಗೆ ಒಂದೇ ಸಮನೆ ಕೂಗಿತು.

“ಇದೇನೇ ಇದು, ಇಡೀ ಊರನ್ನೇ ನಮ್ಮನೆಯೊಳಗೆ ತುಂಬ್ತಿದ್ದಾಳಲ್ಲ! ಇವರಿಗೆಲ್ಲ ಕಾಫಿ ಕಾಯಿಸೋರು ಯಾರು?” ದೊಡ್ಡಮ್ಮ ಪೊರಕೆ ಎತ್ತಿಕೊಂಡಳು.

ಗಲಾಟೆ ಕೇಳಿ ತಂಗಿ ಹೊರಗೆ ಓಡಿಬಂದಳು. ಯಂತ್ರದ ಹಾಜರಿ ಒಂದು ಕ್ಷಣ ಕೇಳಿಸಿಕೊಂಡು, ಒಳಗೋಡಿ ಕಂಪ್ಯೂಟರಿನ ಫೈಲ್ ತೆರೆದು ನೋಡಿ, ಹಣೆ ಚಚ್ಚಿಕೊಂಡು ಬಂದಳು.

“ಎಲ್ಲಾ ಮನೆಗೂ ಜಾಗದ ಅಂಕಿ ಒಂದೇ ಇದೆ! ಒಂದೇ ಊರಲ್ವಾ, ಹಾಗೇ ಇರುತ್ತೇನೋ ಅಂತ ನಾನೂ ಬಿಟ್ಟುಬಿಟ್ಟೆ. ಅಪ್ಪಾ! ನಿನ್ನೆ ಎಲ್ಲೆಲ್ಲಿಗೆ ಹೋಗಿದ್ದೆ?”

ದೊಡ್ಡಪ್ಪ ಕಣ್ಣುಜ್ಜಿಕೊಳ್ಳುತ್ತ ಮೆಟ್ಟಿಲಿಗೆ ಬಂದರು. “ಹೋಗೋದ್ಯಾಕೆ? ಇಲ್ಲಿಂದ ಇಡೀ ಊರು ಕಾಣಲ್ವಾ? ಉದ್ದ ವೈರು ಎಳ್ಕೊಂಡು ಈ ಮೆಟ್ಟಿಲ ಮೇಲೆ ಕೂತೆ. ವಕೀಲರ ಮನೆ ಕಡೆ ತಿರುಗಿಸಿದೆ, ಒತ್ತಿದೆ. ಡಾಕ್ಟ್ರಮ್ಮನ ಮನೆ ಕಡೆ ತಿರುಗಿಸಿದೆ, ಒತ್ತಿದೆ. ಉಸಿರು ಬಿಗಿಹಿಡಿದು, ಕೈ ಅಲ್ಲಾಡದ ಹಾಗೆ ಗುರಿಯಿಟ್ಟು ಒತ್ತಿದ್ದೀನಿ!”

“ಅಪ್ಪಾ, ಇದು ಕ್ಯಾಮೆರಾ ಅಲ್ಲ! ಒತ್ತೋರು ಎಲ್ಲಿರ್ತಾರೋ ಆ ಜಾಗಾನ ಹಿಡಿಯುತ್ತೆ.”

“ಹಾಗಿದ್ರೆ ಅದು ಅದರ ತಪ್ಪು. ಬೆರಳಿಟ್ಟು ತೋರಿಸಿದ ಮೇಲೂ ಗೊತ್ತಾಗಲ್ಲ ಅಂದ್ರೆ?”

ಬುಗುರಿ ನೆಲದ ಮೇಲೆ ಕುಕ್ಕರಿಸಿದ. ವ್ಯಾನ್ ತುಂಬ ಬಟ್ಟೆಗಳು ಹಾಗೇ ನೇತಾಡುತ್ತಿದ್ದವು. ಕಣ್ಣ ಮುಂದೆ ಯಜಮಾನಿಯ ತಮ್ಮ ವ್ಯಾನ್ ಹತ್ತಿ, ಕನ್ನಡಿ ತನಗೆ ಬೇಕಾದ ಹಾಗೆ ತಿರುಗಿಸಿಕೊಳ್ಳುತ್ತಿದ್ದ.

ತಂಗಿ ಉಗುರು ಕಚ್ಚುತ್ತ ಯೋಚಿಸಿದಳು. “ಅಣ್ಣಾ, ನಮ್ಮ ಹತ್ತಿರ ಸರಿಯಾಗಿ ಗೊತ್ತಿರೋದು ಒಂದೇ ಜಾಗ. ನಾವು ಅವರಲ್ಲಿಗೆ ಹೋಗೋಕಾಗಲ್ಲ, ಅವರೇ ಇಲ್ಲಿಗೆ ಬರಲಿ. ಚೀಟಿ ಕೊಡಿಲ್ಲಿ, ಎಲ್ಲರಿಗೂ ಈ ಜಾಗ ಫೋನಿಗೆ ಕಳಿಸ್ತೀನಿ.”

ಕಳಿಸಿದ್ದೇ ತಡ, ವಕೀಲರು ಏದುಸಿರು ಬಿಡುತ್ತ ಮೊದಲು ಬಂದರು. ಬೈಯಬೇಕೆಂದು ಬಾಯಿ ತೆರೆದವರು ದೊಡ್ಡಪ್ಪನನ್ನು ಕಂಡದ್ದೇ “ಅರೇ, ಏನ್ರೀ, ಎಷ್ಟು ದಿನ ಆಯ್ತು!” ಅಂತ ತಬ್ಬಿಕೊಂಡರು. ಡಾಕ್ಟ್ರಮ್ಮ ಬಂದವಳು ಕೋಟು ಹಾಕಿಕೊಂಡು ಅಲ್ಲೇ ಪಾರ್ಲರ್ ಅಕ್ಕನ ಹಲ್ಲು ನೋಡಿದಳು. ಬ್ಯಾಂಡ್ ಮೇಷ್ಟ್ರು ಜಾಕೀಟಿನ ಗುಂಡಿ ಹಾಕಿಕೊಂಡ ಸಂತೋಷಕ್ಕೆ ತುತ್ತೂರಿ ಊದಿದರು. ಒಬ್ಬರ ಹಿಂದೊಬ್ಬರು ಏರು ಹತ್ತಿ ಬಂದು, ಬಟ್ಟೆ ತಗೊಂಡು, ಮೆಟ್ಟಿಲ ಮೇಲೆ ಕೂತು ಹರಟೆ ಹೊಡೆದು ಹೋಗತೊಡಗಿದರು.

ಕೊನೆಯ ಶರ್ಟು ಹೋಗುವ ಹೊತ್ತಿಗೆ, ಸುದ್ದಿ ತಿಳಿದ ಯಜಮಾನಿ ತಮ್ಮನೊಂದಿಗೆ ಗೇಟಿನಲ್ಲಿ ನಿಂತಿದ್ದಳು. ಬುಗುರಿ ಓಡಿಹೋಗಿ ವ್ಯಾನಿನ ಹಿಂಬಾಗಿಲು ತೆರೆದು ತೋರಿಸಿದ. ಬರೀ ಹ್ಯಾಂಗರುಗಳು.

“ಮೇಡಂ, ಊಟದ ಹೊತ್ತಿನ್ನೂ ಆಗಿಲ್ಲ. ಒಂದು ಕರವಸ್ತ್ರಾನೂ ಉಳಿದಿಲ್ಲ!”

ಯಜಮಾನಿ ಖಾಲಿ ವ್ಯಾನ್ ನೋಡಿದಳು, ಮೆಟ್ಟಿಲ ಮೇಲೆ ನಗುತ್ತಿದ್ದ ಗಿರಾಕಿಗಳನ್ನು ನೋಡಿದಳು.

“ನಾನು ಆಡಿದ ಮಾತಿಗೆ ತಪ್ಪೋಳಲ್ಲ. ನನ್ನ ತಮ್ಮ ಈ ವ್ಯಾನ್ ಹತ್ತಲ್ಲ.”

ಬುಗುರಿ ಕುಣಿಯಲು ಕಾಲೆತ್ತಿದ.

“ಯಾಕಂದ್ರೆ ನಾಳೆಯಿಂದ ವ್ಯಾನೇ ಇರಲ್ಲ. ಮಾರಿಬಿಡ್ತೀನಿ. ಜನ ತಾವಾಗೇ ಬಂದು ಖುಷಿಯಾಗಿ ತಗೊಂಡು ಹೋಗ್ತಾರೆ ಅಂದ್ಮೇಲೆ ನಾನ್ಯಾಕೆ ಪೆಟ್ರೋಲ್ ಸುಡಲಿ? ಬಟ್ಟೆ ಕೊಡೋ ಜಾಗ ಇನ್ಮೇಲೆ ಇದೇ. ಇವರೇ ಮ್ಯಾನೇಜರು.” ದೊಡ್ಡಪ್ಪ ಆಗಲೇ ಶರ್ಟಿನ ಕಾಲರ್ ಸರಿಮಾಡಿಕೊಂಡಿದ್ದರು.

ಎತ್ತಿದ ಕಾಲು ಎತ್ತಿದ ಹಾಗೇ ಬುಗುರಿ ಕೇಳಿದ, “ಮತ್ತೆ ನಾನು ಮೇಡಂ?”

“ನೀನಿಲ್ಲದೆ ಹೇಗಪ್ಪಾ! ಅಂಗಡಿಯಿಂದ ಇಲ್ಲೀವರೆಗೆ ಬಟ್ಟೆಗಳೇನು ನಡ್ಕೊಂಡು ಬರ್ತವಾ? ತಳ್ಳುಗಾಡಿ ಕೊಡ್ತೀನಿ. ಊರಲ್ಲಿ ನೀನು ತಪ್ಪದೆ ತಲುಪೋದು ಇದೊಂದೇ ಮನೆ.”

ಮಧ್ಯಾಹ್ನವೇ ಮೊದಲ ಸರದಿ. ಅಂಗಡಿಯ ಮುಂದೆ ಬುಗುರಿ ತಳ್ಳುಗಾಡಿಗೆ ಬಟ್ಟೆ ಪೇರಿಸುತ್ತಿದ್ದಾಗ ರಸ್ತೆಯಾಚೆ, ಸರಿಯಾಗಿ ಎದುರಿಗಿದ್ದ ಮನೆಯ ಬಾಗಿಲು ತೆರೆಯಿತು. ಕೋರ್ಟಿನಿಂದ ಊಟಕ್ಕೆ ಬಂದಿದ್ದ ವಕೀಲರು ಕೈ ಒರೆಸಿಕೊಳ್ಳುತ್ತ ಹೊರಬಂದರು.

“ಏನಪ್ಪಾ, ನನ್ನ ಇನ್ನೊಂದು ಕೋಟೂ ಇದರಲ್ಲೇ ಇದೆಯಾ?”

ಬುಗುರಿ ಕೋಟನ್ನು ನೋಡಿದ, ಬಾಗಿಲನ್ನು ನೋಡಿದ. ನಡುವೆ ಒಂದು ರಸ್ತೆಯ ಅಗಲ. “ಇದು… ನಿಮ್ಮನೇನಾ ಸಾರ್? ಹಾಗಾದ್ರೆ ಇಲ್ಲೇ ತಗೊಳ್ಳಿ!”

“ಛೆ ಛೆ, ಇಲ್ಲಿ ಕೊಡಬಾರದಂತಲ್ಲ, ನಿಮ್ಮ ಮೇಡಂ ಈಗ ತಾನೇ ಫೋನಲ್ಲಿ ಹೇಳಿದ್ರು.” ವಕೀಲರು ಚಪ್ಪಲಿ ಮೆಟ್ಟಿಕೊಂಡರು. “ನೀನು ತಳ್ಕೊಂಡು ಬಾ. ನಾನೂ ಬರ್ತೀನಿ, ಮೇಲೆ ಹೋಗಿ ಈಸ್ಕೋತೀನಿ.”

ಹಾಗಂದು ಅವರು ಕೈ ಬೀಸಿಕೊಂಡು ಮುಂದೆ ನಡೆದರು. ಅವರ ಕೋಟನ್ನು ತಳ್ಳುತ್ತ ಬುಗುರಿ ಹಿಂದೆ ಹಿಂದೆ ಏರು ಹತ್ತಿದ.