ಓದಿದ ತಮ್ಮನ ಪಥ್ಯ

ಊಟದ ವಿಷಯದಲ್ಲಿ ಅಭಿಪ್ರಾಯವಿಲ್ಲದ ಒಬ್ಬ ಮನುಷ್ಯನನ್ನೂ ನಾನು ಹೊಳೆನರಸೀಪುರದಲ್ಲಿ ಇದುವರೆಗೆ ಕಂಡಿಲ್ಲ. ಪಂಪ್‌ಸೆಟ್ಟು ಕೆಟ್ಟರೆ ಮೆಕ್ಯಾನಿಕ್ಕನ್ನು ಕರೆಯುತ್ತಾರೆ, ಹಲ್ಲು ನೋವಾದರೆ ಹಾಸನದ ಬಸ್ಸು ಹತ್ತುತ್ತಾರೆ. ಇನ್ನೊಬ್ಬನ ತಟ್ಟೆಯಲ್ಲಿ ಏನಿರಬೇಕು ಎಂಬುದಕ್ಕೆ ಮಾತ್ರ ಬಾಯಿರುವವರೆಲ್ಲ ಪಂಡಿತರೇ. ನಾನು ಇಲ್ಲಿನ ಕಾಲೇಜೊಂದರಲ್ಲಿ ಲೈಬ್ರೇರಿಯನ್. ಇಷ್ಟು ವರ್ಷ ಪುಸ್ತಕಗಳ ಬೆನ್ನು ಓದಿ ಓದಿ, ಅವುಗಳ ಹೊಟ್ಟೆಯಲ್ಲಿರುವುದೂ ನನಗೆ ಗೊತ್ತು ಎಂದು ನಂಬಿಬಿಟ್ಟಿದ್ದವನು. ಇಂಥವನಿಗೆ ಹೋದ ವರ್ಷ ಸಕ್ಕರೆ ಕಾಯಿಲೆ ಶುರುವಾಯಿತು. ಮಾತ್ರೆ ಸದ್ಯಕ್ಕೆ ಬೇಡ, ಊಟ ಹಿಡಿತದಲ್ಲಿರಲಿ, ದಿನಾ ನಡೆಯಿರಿ ಎಂದರು ಡಾಕ್ಟರು. ಇಷ್ಟು ಸಾದಾ ಮಾತಿನಿಂದ ಯಾರಿಗೆ ತಾನೇ ತೃಪ್ತಿಯಾಗುತ್ತದೆ?

ಸುದ್ದಿ ಅರಕಲಗೂಡಿನಲ್ಲಿರುವ ನನ್ನ ಭಾಮೈದನಿಗೆ ಮುಟ್ಟಿತು. ಅಂದಿನಿಂದ ನನ್ನ ಮೊಬೈಲಿಗೆ ಬಿಡುವಿಲ್ಲ. ಬೆಳಗ್ಗೆ, ರಾಗಿ ಮುದ್ದೆ ತಿಂದರೆ ಸಕ್ಕರೆ ಕಾಯಿಲೆ ಬೇರುಸಹಿತ ಹೋಗುತ್ತದೆ ಎಂದು ಬರುತ್ತಿತ್ತು. ಸಂಜೆ, ಸಕ್ಕರೆ ಇರುವವರಿಗೆ ಮುದ್ದೆಯೇ ವಿಷ ಎಂದು ಬರುತ್ತಿತ್ತು. ಎರಡರಲ್ಲಿ ಯಾವುದು ನಿಜವಪ್ಪಾ ಎಂದು ಫೋನ್ ಮಾಡಿ ಕೇಳಿದರೆ, ಎರಡೂ ಓದಿದವರಿಂದಲೇ ಬಂದದ್ದು, ನಿಮಗೆ ಒಗ್ಗಿದ್ದನ್ನು ತಗೊಳ್ಳಿ ಎಂದ. ಅವನದು ಗೊಬ್ಬರದ ಅಂಗಡಿ. ಚೀಲದ ಮೇಲೆ ಬರೆದದ್ದನ್ನು ಓದದೆ ಯಾರ ಗದ್ದೆಗೂ ಒಂದು ಹಿಡಿ ಯೂರಿಯಾ ಕೊಡುವವನಲ್ಲ. ಮನುಷ್ಯನ ಹೊಟ್ಟೆಗೆ ಅಷ್ಟೆಲ್ಲ ಜಾಗ್ರತೆ ಬೇಕಿಲ್ಲ ಎಂದು ತೀರ್ಮಾನಿಸಿದ್ದನೋ ಏನೋ. ಇನ್ನು ನಮ್ಮ ಕಾಲೇಜಿನ ಇತಿಹಾಸದ ಮೇಷ್ಟರು ಸ್ಟಾಫ್ ರೂಮಿನಲ್ಲೇ ಹಾಗಲಕಾಯಿ ರಸದ ಬಾಟಲಿ ಇಟ್ಟುಕೊಂಡು, ಹೋದವರಿಗೆ ಬಂದವರಿಗೆಲ್ಲ ತೀರ್ಥದಂತೆ ಹಂಚುತ್ತಿದ್ದರು. ಅವರ ಸಕ್ಕರೆ ಇಳಿದಿತ್ತೇ ಎಂದರೆ, ಅವರು ಪರೀಕ್ಷೆಯನ್ನೇ ಮಾಡಿಸಿಕೊಂಡಿರಲಿಲ್ಲ.

ಈ ಮೂರ್ಖರ ಸಹವಾಸವೇ ಬೇಡ, ನಾನೇ ಹುಡುಕಿಕೊಳ್ಳುತ್ತೇನೆ ಎಂದು ಹೊರಟೆ. ಹುಡುಕಿದ್ದು ಮೊಬೈಲಿನಲ್ಲಿ. ಅಲ್ಲೊಬ್ಬ ಬಿಳಿ ಕೋಟಿನವನು ಸಿಕ್ಕಿದ. ಕುತ್ತಿಗೆಗೆ ಸ್ಟೆತಸ್ಕೋಪು, ಬೆನ್ನ ಹಿಂದೆ ದಪ್ಪ ದಪ್ಪ ಪುಸ್ತಕಗಳ ಕಪಾಟು. ನನ್ನಂಥವನು ಕರಗಲು ಆ ಕಪಾಟೇ ಸಾಕಾಯಿತು. ಅದು ಬಟ್ಟೆಯ ಪರದೆಯ ಮೇಲೆ ಅಚ್ಚು ಹಾಕಿದ ಚಿತ್ರ ಎಂದು, ಅವನ ಕೋಣೆಯ ಫ್ಯಾನಿನ ಗಾಳಿಗೆ ಅಲುಗಾಡಿದಾಗ ಹೆಂಡತಿ ತೋರಿಸಿದಳು. ಅಷ್ಟರಲ್ಲಿ ನಾನು ಅವನ ಶಿಷ್ಯನಾಗಿ ಆಗಿತ್ತು. ರಾತ್ರಿ ಊಟ ಬಿಟ್ಟರೆ ಸಕ್ಕರೆ ತಾನಾಗಿ ಇಳಿಯುತ್ತದೆ ಎಂಬುದು ಅವನ ಉಪದೇಶ. ನಾನೂ ಬಿಟ್ಟೆ. ಸಿಡುಕು ಏರಿತು, ಹೆಂಡತಿ ಮಾತು ಬಿಟ್ಟಳು. ಅದನ್ನೂ ಒಂದು ಲಾಭವೆಂದೇ ಬರೆದುಕೊಂಡೆ.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಮಾನ ಮನೆಯೊಳಗೇ ಉಳಿಯುತ್ತಿತ್ತು. ಬಾಗೂರಿನಿಂದ ನಮ್ಮ ಜಯಕ್ಕ ಫೋನ್ ಮಾಡಿದಳು. ಅವಳಿಗೆ ಎಂಟು ವರ್ಷದಿಂದ ಸಕ್ಕರೆ. ಎರಡು ಹೊತ್ತು ಮಾತ್ರೆ. ಏನು ತಿನ್ನಬೇಕು, ಏನು ಬಿಡಬೇಕು ಎಂದು ಕೇಳಿದಳು. ನಾನು ಕೋಟಿನವನ ಉಪದೇಶವನ್ನೇ ಅರ್ಧ ಗಂಟೆ ಭಾಷಣ ಮಾಡಿದೆ. ಅಕ್ಕ ಕೊನೆಗೆ, "ನೀನು ಓದ್ದೋನು ಕಣ್ಲಾ, ನೀನು ಯೋಳುದ್ರೆ ಸರಿಯಾಗೇ ಇರ್ತದೆ" ಎಂದಳು. ಆ ಮಾತು ಕೇಳಿ ನಾನು ಉಬ್ಬಿದ್ದೇನು ಕಡಿಮೆಯಲ್ಲ.

ಮೂರನೆಯ ದಿನ ಬೆಳಗ್ಗೆ ಹಾಲಿನ ಡೈರಿಯ ಮುಂದೆ ಅಕ್ಕ ಕ್ಯಾನಿನ ಸಮೇತ ಬಿದ್ದಳಂತೆ. ಬೆವರು, ನಡುಕ, ಕರೆದರೆ ಮಾತಿಲ್ಲ. ಊಟ ಬಿಟ್ಟಿದ್ದಳು, ಮಾತ್ರೆ ಬಿಟ್ಟಿರಲಿಲ್ಲ; ಸಕ್ಕರೆ ತೀರಾ ಕೆಳಗಿಳಿದಿತ್ತು. ಸುದ್ದಿ ಕೇಳಿದ ನಾನು ಚನ್ನರಾಯಪಟ್ಟಣಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬಾಗೂರು ಸೇರಿದೆ. ಆರೋಗ್ಯ ಕೇಂದ್ರದಲ್ಲಿ ಅಕ್ಕ ಬೆಂಚಿನ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ತಕ್ಷಣ ಡೈರಿಗೆ ಓಡಿಬಂದು ರಕ್ತ ಪರೀಕ್ಷಿಸಿ, ಡಾಕ್ಟರಿಗೆ ತಿಳಿಸಿ, ಅವಳನ್ನು ಉಳಿಸಿಕೊಂಡ ನರ್ಸು ಸರೋಜಮ್ಮ ಪಕ್ಕದಲ್ಲೇ ನಿಂತಿದ್ದರು. ಊಟ ಬಿಡಿಸಿದ್ದು ಯಾರು ಎಂದು ಅವರು ಕೇಳಿದ್ದಕ್ಕೆ ಅಕ್ಕ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದಳು. "ಇವ್ನೇ ಕಣವ್ವ ನನ್ ತಮ್ಮ. ಲೈಬ್ರರಿಲವ್ನೆ, ಎಲ್ಲಾನೂ ಓದವ್ನೆ."

"ಯಾವ ಪುಸ್ತಕ್ದಲ್ಲಿ ಓದುದ್ರಿ ಸಾ?" ಎಂದರು ಸರೋಜಮ್ಮ.

ಯಾವ ಪುಸ್ತಕದ್ದಾದರೂ ಲೇಖಕ, ಪ್ರಕಾಶಕ, ಮುದ್ರಣವಾದ ವರ್ಷ ಒಪ್ಪಿಸಬಲ್ಲ ನನಗೆ ಆ ಕೋಟಿನವನ ಹೆಸರೂ ಬರಲಿಲ್ಲ. ಮೊಬೈಲಿನಲ್ಲಿ ನೋಡಿದ್ದು ಎಂದು ಗೊಣಗಿದೆ.

"ಆಯ್ತು ಸಾ. ನಿಮ್ಮಕ್ಕ ಯಾವ ಮಾತ್ರೆ ತಗತಾರೆ ಅಂತ ಅವ್ನಿಗೆ ಗೊತ್ತಿಲ್ಲ. ನಿಮ್ಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ. ಅರ್ಧ ಗಂಟೆಯ ಭಾಷಣದಲ್ಲಿ ಅದೊಂದನ್ನು ಕೇಳಲು ನನಗೆ ಸಮಯವಾಗಿರಲಿಲ್ಲ.

ಆಮೇಲೆ ಅವರು ಹೇಳಿದ್ದು ನಾಲ್ಕೇ ಮಾತು. ಆ ಮಾತ್ರೆ ನುಂಗಿ ಹೊತ್ತಿನ ಊಟ ಬಿಡಬಾರದು. ಮುದ್ದೆ ಚಿಕ್ಕದಾಗಲಿ, ಸೊಪ್ಪು ಕಾಳು ಹೆಚ್ಚಾಗಲಿ. ತಲೆ ಸುತ್ತಿದರೆ ಮೊದಲು ಸಕ್ಕರೆ ನೀರು. ಅನುಮಾನ ಬಂದರೆ ಇಲ್ಲಿಗೆ ಬರಬೇಕು. ಇವನ್ನೇ ಕನ್ನಡದಲ್ಲಿ ಅಚ್ಚು ಹಾಕಿದ ಒಂದು ಹಾಳೆಯನ್ನೂ ಕೊಟ್ಟರು. ಯಾರು ಬರೆದದ್ದು, ಯಾವಾಗ ಬರೆದದ್ದು, ಯಾರನ್ನು ಕೇಳಬೇಕು, ಎಲ್ಲ ಅದರ ಕೆಳಗಿತ್ತು. ಪುಸ್ತಕ ನಂಬುವ ಮೊದಲು ಇಷ್ಟನ್ನು ನೋಡಿ ಎಂದು ವರ್ಷವರ್ಷವೂ ಹುಡುಗರಿಗೆ ಹೇಳುವವನು ನಾನೇ. ಭಾಮೈದ ಸಂದೇಶ ಕಳಿಸಿ ಇದುವರೆಗೆ ಯಾರನ್ನೂ ಬೀಳಿಸಿಲ್ಲ. ಆ ಕೀರ್ತಿ ಮನೆತನದಲ್ಲಿ ನನಗೊಬ್ಬನಿಗೇ ಸೇರಿದ್ದು.

ಅಕ್ಕ ಈಗ ಗಟ್ಟಿಯಾಗಿದ್ದಾಳೆ. ಮೊನ್ನೆ ನಮ್ಮ ಮನೆಗೆ ಒಂದು ಹಲಸಿನ ಹಣ್ಣು ಬಂತು. ಎರಡು ತೊಳೆ ತಿನ್ನಬಹುದೇ ಎಂಬ ಅನುಮಾನ ನನಗೆ. ಬಾಗೂರಿಗೆ ಫೋನ್ ಮಾಡಿದೆ.

"ತಡಿ, ನರ್ಸಮ್ಮನ್ನ ಕೇಳ್ಬುಟ್ಟು ಯೋಳ್ತೀನಿ" ಎಂದಳು ಅಕ್ಕ. "ಅಲ್ಲೀಗಂಟ ನೀನು ಏನೂ ಓದಬ್ಯಾಡ ಕಣ್ಲಾ."