ಕಂಟ್ರೋಲ್ ಸೀರೆಯ ಹುಡುಗಿ

ನಗೆಪಾಟಲಿನ ಸಂಗತಿಗಳೆಲ್ಲ ದಾರಿ ಕೇಳಿಕೊಂಡು ನಮ್ಮ ಮನೆಗೇ ಬರುತ್ತಿದ್ದವು. ಹತ್ತರಲ್ಲಿ ಒಂಬತ್ತಕ್ಕೆ ನಾನೇ ಕಾರಣ ಅಂತ ನಮ್ಮೂರು ಹೂಡಿಯಲ್ಲಿ ಈಗಲೂ ಹೇಳ್ತಾರೆ. ನಂಬಬೇಡಿ. ಎಂಟಕ್ಕೆ ಮಾತ್ರ.

ಎಪ್ಪತ್ತೊಂದರ ಯುದ್ಧದ ಕಾಲ. ಅಂಗಡಿಯಲ್ಲಿ ಬಟ್ಟೆ ಕೇಳಿದರೆ ಸೇಟು ಖಾಲಿ ಬೀರು ತೋರಿಸಿ ಕೈ ಮುಗೀತಿದ್ದ. ಅಂಥ ಹೊತ್ತಲ್ಲೇ ನಮ್ಮಕ್ಕನಿಗೆ ಗಂಡು ಹುಡುಕಾಟ. ಬಂದ ಇಬ್ಬರೂ "ಹುಡುಗಿಗೆ ಮಾತು ಜಾಸ್ತಿ" ಅಂತ ಉಪ್ಪಿಟ್ಟು ತಿಂದು ಎದ್ದು ಹೋಗಿದ್ದರು. ಅಕ್ಕ ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಅವಳ ಮನಸ್ಸಿದ್ದದ್ದು ವೈಟ್‌ಫೀಲ್ಡ್ ಕಾರ್ಖಾನೆಯಲ್ಲಿ ನನ್ನ ಜತೆ ಲೇತು ನಡೆಸುತ್ತಿದ್ದ ಗೆಳೆಯನ ಮೇಲೆ. ಅವನಿಗೂ ಅಷ್ಟೇ. ತೊಡಕು ಒಂದೇ: ಅವನ ತಾಯಿಗೆ ಬೇಕಾಗಿದ್ದು ತುಟಿ ಬಿಚ್ಚದ ಸೊಸೆ.

ಕಿಟಕಿಯ ಬಟ್ಟೆ

ಸಂಜೆಯಾದರೆ ಬೆಳಕು ಹೊರಗೆ ಕಾಣಬಾರದು, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಅಂತ ಆಜ್ಞೆಯಾಗಿತ್ತು. ಅಮ್ಮ ಎಲ್ಲಿಂದಲೋ ಒಂದು ತುಂಡು ತಂದು ಕಟ್ಟಿದಳು. ಹೊಸ ಬಟ್ಟೆ ಕಂಡು ಎಷ್ಟೋ ತಿಂಗಳಾಗಿದ್ದ ಅಕ್ಕ ಅದನ್ನೇ ಬಿಚ್ಚಿ ರವಿಕೆ ಹೊಲಿದುಕೊಂಡಳು.

ಸಂಜೆ ಗಸ್ತಿನವನು ಸೀಟಿ ಊದುತ್ತಾ ಬಂದ. "ಎಲ್ರೀ ಕಿಟಕಿ ಬಟ್ಟೆ?"

"ಅಂಗಡಿಗೆ ಹೋಗಿದೆ ಸಾರ್, ಈಗ ಬರುತ್ತೆ" ಅಂದೆ.

ಅಷ್ಟರಲ್ಲಿ ಅಕ್ಕ ಬೀದಿ ತಿರುವಿನಲ್ಲಿ ಬಂದಳು. ಗಸ್ತಿನವನು ಒಮ್ಮೆ ಕಿಟಕಿ ನೋಡಿದ, ಒಮ್ಮೆ ರವಿಕೆ ನೋಡಿದ. "ಸರಿ, ಅವರನ್ನೇ ಕಿಟಕಿಗೆ ಅಡ್ಡ ನಿಲ್ಲಿಸಿ!"

ಅಕ್ಕ ನಿಂತಳು. ಬೆಳಕು ಹೊರಗೆ ಹೋಗೋದು ನಿಂತಿತು. ಮಾತು ಮಾತ್ರ ಕುಂದಲಹಳ್ಳಿವರೆಗೂ ಹೋಗುತ್ತಿತ್ತು.

ಪ್ಯಾರಾಚೂಟ್ ಲಂಗ

ಒಳಲಂಗಕ್ಕೆ ಬಟ್ಟೆ ಸಿಗಲಿಲ್ಲ. ಗುಜರಿಯವನ ಹತ್ತಿರ ನುಣುಪು ನೈಲಾನಿನ ಒಂದು ಸುತ್ತು ಬಿದ್ದಿತ್ತು. "ಮಿಲಿಟರಿ ಪ್ಯಾರಾಚೂಟಿಂದು, ಹರಿಯಲ್ಲ, ಕೊಳೆಯಲ್ಲ" ಅಂದ. ಅಕ್ಕ ಹೊಲಿದುಕೊಂಡಳು. ನಡೆದರೆ ಚರಚರ ಸದ್ದು, ಉಟ್ಟ ಸೀರೆ ಜಾರಿ ಜಾರಿ ಕೆಳಗೆ.

ಒಂದು ದಿನ ಹೂಡಿ ಗೇಟಿನಲ್ಲಿ ಬಸ್ಸಿಂದ ಇಳಿಯುವಾಗ ಗಾಳಿ ಹೊಕ್ಕು ಲಂಗ ಬುಸ್ಸನೆ ಉಬ್ಬಿತು. ಅಕ್ಕ ಸೀರೆ ಸಮೇತ ಕಣಜದ ಹಾಗೆ ನಿಂತಳು. ಎಷ್ಟು ಅದುಮಿದರೂ ಇಳೀಲಿಲ್ಲ. ಕಂಡಕ್ಟರ್ ಬಗ್ಗಿ ಹೇಳಿದ: "ಅಕ್ಕಾ, ನೆಲ ಬಂತು ಅಂತ ನಿಮ್ಮ ಲಂಗಕ್ಕೆ ಸ್ವಲ್ಪ ಹೇಳಿ. ರೈಟ್, ರೈಟ್!"

ಹೂ ಮುಡಿಸಿದ್ದು

ಆಮೇಲೆ ರೇಷನ್ ಸೊಸೈಟಿಗೆ ಸರ್ಕಾರಿ ದರದ ಕಂಟ್ರೋಲ್ ಸೀರೆ ಬಂತು. ಒಂದೇ ಮೂಟೆ, ಒಂದೇ ಬಣ್ಣ: ಗಿಳಿಹಸಿರಿನ ಮೇಲೆ ಬದನೆಕಾಯಿ ಬಣ್ಣದ ದಪ್ಪ ಹೂವು. ಊರಿನ ಹೆಂಗಸರೆಲ್ಲ ಅದನ್ನೇ ಉಟ್ಟರು. ನಮ್ಮಪ್ಪ ಕೊಳಾಯಿ ಹತ್ತಿರ ಪಕ್ಕದ ಮನೆಯಾಕೆಗೆ "ಬಿಸಿನೀರು ಕಾಯ್ತೇನೇ?" ಅಂತ ಕೇಳಿ ಬೈಸಿಕೊಂಡಿದ್ದೂ ಉಂಟು.

ಆಗಲೇ ಗೆಳೆಯನ ತಾಯಿ ಮಗನ ಜತೆ ಹೆಣ್ಣು ನೋಡಲು ಬಂದರು. ಎರಡೂ ಕಣ್ಣಿಗೆ ಪೊರೆ. ಬಣ್ಣ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅಕ್ಕ ಅದೇ ಸೀರೆ ಉಟ್ಟು ಅಡುಗೆಮನೆಯಲ್ಲಿ ನಿಂತಿದ್ದಳು. ಅಮ್ಮನ ಪಾಲಿನ ಸೀರೆಯನ್ನು ನಾನು ಬೆಳಿಗ್ಗೆಯೇ ಅಡುಗೆಮನೆ ಬಾಗಿಲಿಗೆ ಪರದೆಯಾಗಿ ಕಟ್ಟಿದ್ದೆ. ಯಾಕೆ ಅಂತ ಕೇಳಬೇಡಿ. ಅಂದ ಕಾಣಲಿ ಅಂತ ಅನ್ನಿ.

"ಉಡ್ಗೀನ ಕರೀರವ್ವಾ" ಅಂದರು ಆಯಮ್ಮ. ಹಸಿರು ಕಂಡ ಕೂಡಲೇ ಎದ್ದು ನೇರ ಪರದೆ ಮುಂದೆ ನಿಂತರು.

"ಅಡ್ಗೆ ಬತ್ತದೇನವ್ವಾ?"

ಗಾಳಿಗೆ ಪರದೆ ಮೆಲ್ಲಗೆ ತಲೆಯಾಡಿಸಿತು.

"ಅತ್ತೆಗೆ ಎದುರು ಮಾತಾಡಕಿಲ್ಲ ತಾನೇ?"

ಪರದೆ ಸುಮ್ಮನಿತ್ತು. ಹಿಂದೆ ನಿಂತಿದ್ದ ಅಕ್ಕ ಸೆರಗು ಬಾಯಿಗೆ ತುರುಕಿಕೊಂಡು ನಗು ತಡೆಯುತ್ತಿದ್ದಳು. ಪರದೆ ಕೆಳಗೆ ಅವಳ ಕಾಲು ಕುಣೀತಿದ್ದದ್ದನ್ನು ಗೆಳೆಯ ನೋಡಿದ. ನನ್ನ ಮುಖ ನೋಡಿದ. ಮಹಾರಾಯ, ಉಪ್ಪಿಟ್ಟಿನ ತಟ್ಟೆಗೆ ತಲೆ ಬಗ್ಗಿಸಿದವನು ಮೇಲೆತ್ತಲೇ ಇಲ್ಲ.

"ಎಷ್ಟು ನಾಚ್ಕೆ! ಇಂಥೋಳೇ ಬೇಕಿತ್ತು ನಂಗೆ" ಅಂದವರೇ ತಂದಿದ್ದ ಕನಕಾಂಬರದ ದಂಡೆಯನ್ನು ಪರದೆಯ ಮೇಲಂಚಿಗೆ ಸಿಕ್ಕಿಸಿಬಿಟ್ಟರು. ಹೂ ಮುಡಿಸಿದ ಮೇಲೆ ಮುಗೀತು. ನಮ್ಮಲ್ಲಿ ಮಾತು ಹಿಂತೆಗೆಯುವ ಹಾಗಿಲ್ಲ. ಮದುವೆ ಆಗೇ ಹೋಯಿತು.

ತಿಂಗಳು ತುಂಬಿರಲಿಲ್ಲ. ಬೀಗಿತ್ತಿ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು ನಮ್ಮ ಜಗಲಿ ಹತ್ತಿದರು. "ಅಲ್ಲ ಕಣ್ರಪ್ಪಾ, ಅವತ್ತು ನಾನು ಊ ಮುಡಿಸಿದ್ದು ಈ ಉಡ್ಗೀಗಲ್ಲ! ಅವಳು ಎಲ್ಲವ್ಳೆ? ಅವಳ್ನೇ ಕಳಿಸ್ಕೊಡಿ!"

ಅಪ್ಪ ಎದ್ದರು. ಅಡುಗೆಮನೆ ಬಾಗಿಲಿನ ಪರದೆ ಬಿಚ್ಚಿದರು, ನೀಟಾಗಿ ಮಡಿಸಿದರು, ಅರಿಸಿನ ಕುಂಕುಮದ ಜತೆ ತಟ್ಟೆಯಲ್ಲಿಟ್ಟು ಬೀಗಿತ್ತಿಯ ಕೈಗೆ ಕೊಟ್ಟರು.

"ಧಾರಾಳವಾಗಿ ಕರ್ಕೊಂಡೋಗಿ ತಾಯೀ. ಆದ್ರೆ ಈಗ್ಲೇ ಹೇಳಿರ್ತೀನಿ, ಇವಳಿಗೆ ಅಡ್ಗೆ ಮಾತ್ರ ಬರಲ್ಲ."